ನೀರು ಬಿಟ್ಟು ಕೊಟ್ಟ ತಂಗಿ

ಬಂಗಾರಪೇಟೆಗೆ ಎರಡು ಮೈಲಿ ದೂರದ ಹಳ್ಳಿಯೊಂದರಲ್ಲಿ ನಾನು ಬಹುಕಾಲ ಮೇಷ್ಟ್ರಾಗಿದ್ದೆ. ಆ ಊರಿನಲ್ಲಿ ನನಗೆ ತಿಳಿದಂತೆ ಅಕ್ಕಯ್ಯಮ್ಮನಷ್ಟು ಹೊಟ್ಟೆಕಿಚ್ಚಿನ ಹೆಂಗಸು ಮತ್ತೊಬ್ಬಳಿರಲಿಲ್ಲ. ಇದನ್ನು ದೂಷಣೆಯಾಗಿ ಬರೆಯುತ್ತಿಲ್ಲ. ಕೆಲವರಿಗೆ ಹಾಡು ಒಲಿದಿರುತ್ತದೆ, ಕೆಲವರಿಗೆ ಲೆಕ್ಕ ಒಲಿದಿರುತ್ತದೆ. ಅವಳಿಗೆ ಹೊಟ್ಟೆಕಿಚ್ಚು ಒಲಿದಿತ್ತು. ಅದೂ ಎಲ್ಲರ ಮೇಲಲ್ಲ. ನೆರೆಮನೆಯ ಹಸು ಹೆಚ್ಚು ಹಾಲು ಕರೆದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಆದರೆ ತಮ್ಮ ಕೋದಂಡಪ್ಪನಿಗೆ ಬೇರೆಯವರು ಒಂದು ಲೋಟ ನೀರು ಕೊಟ್ಟರೂ ಅವಳ ಮುಖ ಕಪ್ಪಿಡುತ್ತಿತ್ತು.

ಕೋದಂಡಪ್ಪ ನನ್ನ ಶಿಷ್ಯ. ಮೂರನೆಯ ತರಗತಿಯಲ್ಲಿದ್ದಾಗ ಒಮ್ಮೆ ನಮ್ಮ ಮನೆಯಲ್ಲಿ ಚಕ್ಕುಲಿ ತಿಂದು, ಬಹಳ ಚೆನ್ನಾಗಿದೆ ಎಂದು ಅಕ್ಕನಿಗೆ ಹೇಳಿದನಂತೆ. ಮಾರನೆಯ ದಿನ ಅಕ್ಕಯ್ಯಮ್ಮ ಒಂದು ಡಬ್ಬಿ ತುಂಬ ಚಕ್ಕುಲಿ ಮಾಡಿ ತಂದು ನನ್ನ ಹೆಂಡತಿಯ ಮುಂದಿಟ್ಟು, "ನಮ್ಮನೇದೂ ಒಸಿ ನೋಡಿ, ಅಮ್ಮಣ್ಣಿ" ಎಂದು ನಕ್ಕಳು. ನನ್ನ ಹೆಂಡತಿ ಆ ನಗುವನ್ನು ನೆನೆದು ಬಹುದಿನ ನಗುತ್ತಿದ್ದಳು.

ಇದಕ್ಕೆ ಕಾರಣವಿತ್ತು. ಕೋದಂಡಪ್ಪನನ್ನು ಹೆತ್ತ ದಿನವೇ ಅವರ ತಾಯಿ ತೀರಿಕೊಂಡಳು. ಆಗ ಅಕ್ಕಯ್ಯಮ್ಮ ಇನ್ನೂ ಲಂಗ ಉಡುವ ಹುಡುಗಿ. ಅವಳಿಗೂ ಈ ಕೂಸಿಗೂ ನಡುವೆ ಮುನಿನಾರಾಯಣಮ್ಮ ಎಂಬ ಮೂರು ವರ್ಷದ ಹೆಣ್ಣುಮಗು ಒಂದಿತ್ತು. ತಾಯಿಯ ತಂಗಿ ಒಬ್ಬಳು ಚಾಂಪಿಯನ್ ರೀಫ್ಸ್‌ನಲ್ಲಿದ್ದಳು. ಗಂಡ ಗಣಿಯಲ್ಲಿ ಕೆಲಸಗಾರ, ಮಕ್ಕಳಿರಲಿಲ್ಲ. ಅವಳು ಬಂದು ಮಕ್ಕಳಿಬ್ಬರನ್ನೂ ಕೊಡಿ ಎಂದು ಕೇಳಿದಳು. ಅಕ್ಕಯ್ಯಮ್ಮ ಹಸುಗೂಸನ್ನು ಎತ್ತಿಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಕುಳಿತುಬಿಟ್ಟಳು. ಯಾರು ಕರೆದರೂ ಹೊರಗೆ ಬರಲಿಲ್ಲ. ಕೊನೆಗೆ ತಂದೆ ಆಂಜಿನಪ್ಪ ಮುನಿನಾರಾಯಣಮ್ಮನನ್ನು ಮಾತ್ರ ಕೊಟ್ಟನು. ಹೊಸ್ತಿಲ ಬಳಿ ನಿಂತು, ವೀಳ್ಯದೆಲೆ ಇಟ್ಟು, ನಾದಿನಿಯ ಕೈಮೇಲೆ ಒಂದು ಚೊಂಬು ನೀರು ಬಿಟ್ಟನು.

ನೀರು ಬಿಟ್ಟು ಕೊಡುವುದು ಎಂದರೆ ನಮ್ಮ ಕಡೆ ಹಕ್ಕನ್ನೇ ಬಿಟ್ಟುಕೊಡುವುದು. ಅಲ್ಲಿಂದ ಮುಂದೆ ಆ ಮಗು ಆ ಮನೆಯದು. ಹುಟ್ಟಿದ ಮನೆಯಲ್ಲಿ ಸಾವಾದರೆ ಅದಕ್ಕೆ ಸೂತಕವಿಲ್ಲ. ಮನೆಗೆ ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಅದನ್ನು ಸೇರಿಸಿ ಹೇಳುವುದಿಲ್ಲ.

ಅಕ್ಕಯ್ಯಮ್ಮ ಹಸುವಿನ ಹಾಲಿನಲ್ಲಿ ಬಟ್ಟೆಯ ಬತ್ತಿ ಅದ್ದಿ ಅದ್ದಿ ತಮ್ಮನ ಬಾಯಿಗಿಟ್ಟು ಅವನನ್ನು ಉಳಿಸಿದಳು. ಮದುವೆಯ ಮಾತು ಬಂದಾಗ, ತಮ್ಮನನ್ನು ಬಿಟ್ಟು ಹೋಗುವುದಿಲ್ಲವೆಂದು ಹಟ ಹಿಡಿದು, ಬಚ್ಚಪ್ಪನೆಂಬ ಸಾಧು ಮನುಷ್ಯನನ್ನು ಮನೆಯಳಿಯನನ್ನಾಗಿ ಮಾಡಿಕೊಂಡಳು. ತಮ್ಮ ದೊಡ್ಡವನಾಗಿ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಹಳಿ ಬದಲಾಯಿಸುವ ಪಾಯಿಂಟ್ಸ್‌ಮನ್ ಕೆಲಸಕ್ಕೆ ಸೇರಿದ ಮೇಲೆ, ಹೊರಗಿನ ಹೆಣ್ಣು ಬಂದು ಅವನನ್ನು ಎಳೆದುಕೊಂಡು ಹೋದಾಳೆಂದು, ತನ್ನ ಮಗಳು ಮುನಿರತ್ನಮ್ಮನನ್ನೇ ಅವನಿಗೆ ಕೊಟ್ಟಳು. ಸೋದರಮಾವನಿಗೆ ಮಗಳನ್ನು ಕೊಡುವುದು ನಮ್ಮ ಕಡೆ ಹೊಸದಲ್ಲ. ಆದರೆ ಮದುವೆಯಾದ ಮೇಲೂ ಅವನ ಮುದ್ದೆಯನ್ನು ಅಕ್ಕಯ್ಯಮ್ಮನೇ ಕಟ್ಟುತ್ತಿದ್ದಳು. ಮಗಳು ಕಟ್ಟಿದ ಮುದ್ದೆ ಅವನಿಗೆ ಅರಗುವುದಿಲ್ಲ ಎಂಬುದು ಅವಳ ದೂರು.

ಹಾಲು ಮಾರುವುದು ಅವಳ ಕಸುಬು. ಬೆಳಗಿನ ಪ್ಯಾಸೆಂಜರ್ ಹಿಡಿದು ಕ್ಯಾನುಗಳ ಜೊತೆ ಉರಿಗಾಂ ಸ್ಟೇಷನ್ನಿನಲ್ಲಿ ಇಳಿದು ಮನೆ ಮನೆಗೆ ಹಾಲು ಹಾಕುತ್ತಿದ್ದಳು. ಮುಂದಿನ ಸ್ಟೇಷನ್ನೇ ಚಾಂಪಿಯನ್. ಅಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಅಲ್ಲಿ ಇಳಿದವಳಲ್ಲ. ಮುನಿನಾರಾಯಣಮ್ಮ ಅಲ್ಲಿಯೇ ಬೆಳೆದು, ಆರುಮುಗಂ ಎಂಬ ಗಣಿಯ ಹುಡುಗನನ್ನು ಮೆಚ್ಚಿ ಮದುವೆಯಾಗಿದ್ದಳು. ಮದುವೆಗೆ ಕರೆಯಲು ಬಂದಾಗ ಅಕ್ಕಯ್ಯಮ್ಮ ಹೊಸ್ತಿಲಲ್ಲೇ ಕುಂಕುಮ ಕೊಟ್ಟು ಕಳುಹಿಸಿದ್ದಳು.

ನಾನು ನಿವೃತ್ತನಾದ ಮೇಲೆ, ತೊಂಬತ್ತೇಳರ ಕೊನೆಯಲ್ಲಿ, ಕೋದಂಡಪ್ಪ ಸೊರಗತೊಡಗಿದನು. ಎಡಗಡೆಯ ಹೊಟ್ಟೆ ಗಟ್ಟಿಯಾಗಿ ಊದಿಕೊಂಡಿತು, ಮೈ ಬೆವರುತ್ತಿತ್ತು. ರೈಲ್ವೆ ಡಾಕ್ಟರು ರಕ್ತ ನೋಡಿ ವೇಲೂರಿಗೆ ಕಳುಹಿಸಿದರು. ರಕ್ತದ ಕ್ಯಾನ್ಸರು ಎಂದು ಅಲ್ಲಿ ತಿಳಿಯಿತು. ಮಾತ್ರೆಯಿಂದ ಅದನ್ನು ಕೆಲವು ಕಾಲ ತಡೆಯಬಹುದು. ಬೇರುಸಹಿತ ಹೋಗಬೇಕಾದರೆ, ಒಡಹುಟ್ಟಿದವರ ಮೂಳೆಯ ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ತಾಯಿಕೋಶಗಳಿರುತ್ತವೆ, ಅವನ್ನು ತಂದು ಇವನ ಮೈಯಲ್ಲಿ ನೆಡಬೇಕು ಎಂದರು. ಖರ್ಚನ್ನು ರೈಲ್ವೆಯವರು ಹೊರುವುದೆಂದಾಯಿತು. ಒಂದೇ ತಂದೆತಾಯಿಯ ಮಕ್ಕಳು ಎಷ್ಟು ಜನ ಎಂದು ಡಾಕ್ಟರು ಕೇಳಿದಾಗ, ಅಕ್ಕಯ್ಯಮ್ಮ ತಡವರಿಸದೆ, ನಾವಿಬ್ಬರೇ ಎಂದಳು. ಪಕ್ಕದಲ್ಲಿದ್ದ ಕೋದಂಡಪ್ಪನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅವನು ಹುಟ್ಟಿದಾಗಿನಿಂದ ಆ ಮನೆಯ ಲೆಕ್ಕ ಅಷ್ಟೇ.

ಅಕ್ಕಯ್ಯಮ್ಮನ ರಕ್ತವನ್ನು ಪರೀಕ್ಷೆಗೆ ತೆಗೆದುಕೊಂಡರು. ಫಲ ಬರುವವರೆಗೆ ಅವಳ ನಡಿಗೆಯೇ ಬೇರೆಯಾಗಿತ್ತು. ಇಬ್ಬರದೂ ಬಿ ಗುಂಪು, ಕೂಡದೆ ಏನು ಎಂದು ಕಂಡವರಿಗೆಲ್ಲ ಹೇಳಿದಳು. ಆದರೆ ಇದಕ್ಕೆ ನೋಡುವ ಹೊಂದಿಕೆಯೇ ಬೇರೆ. ಅವಳದು ಅರ್ಧ ಮಾತ್ರ ಹೊಂದಿತು. ಅರ್ಧ ಸಾಲದು ಎಂದರು.

ಆ ಸಾಯಂಕಾಲ ಅವಳು ನಮ್ಮ ಜಗಲಿಗೆ ಬಂದು ಕುಳಿತಳು.

"ಮೇಷ್ಟ್ರೆ, ಅರ್ಧ ಕೂಡೈತಂತೆ. ಇನ್ನರ್ಧಕ್ಕೆ ಏನು ಮಾಡ್ಬೇಕು ಏಳಿ, ಮಾಡ್ತೀನಿ."

ಅದು ಹುಟ್ಟುವಾಗಲೇ ಬಂದದ್ದು, ಮಾಡಿಕೊಳ್ಳುವುದಲ್ಲ ಎಂದು ಹೇಳಿದೆ. ಆಮೇಲೆ, ಮುನಿನಾರಾಯಣಮ್ಮನ ರಕ್ತ ನೋಡಿದರೋ ಎಂದು ಕೇಳಿದೆ. ಅವಳಿಗೆ ಮೊದಲು ನಾನು ಯಾರ ಹೆಸರನ್ನು ಹೇಳುತ್ತಿದ್ದೇನೆಂದೇ ತಿಳಿಯಲಿಲ್ಲವೆಂದು ತೋರುತ್ತದೆ.

"ಅವಳನ್ನ ಯಾಕೆ ಎಣಿಸ್ತೀರಾ? ನಮ್ಮಪ್ಪ ನೀರು ಬಿಟ್ಟು ಕೊಟ್ಟವ್ನೆ. ಅವಳ ರಕ್ತ ಆವತ್ತೇ ಆ ಮನೇದಾಯ್ತು."

ನೀರು ಬಿಟ್ಟದ್ದು ಚಿಕ್ಕಮ್ಮನ ಕೈಮೇಲೆ, ಮಗುವಿನ ಎಲುಬಿನೊಳಗಲ್ಲ. ಅಲ್ಲಿರುವುದು ನಿಮ್ಮ ತಂದೆತಾಯಿಯದೇ ಎಂದು ನಾನು ಸಮಾಧಾನವಾಗಿ ತಿಳಿಸಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು.

"ಅವಳದು ಪೂರಾ ಕೂಡಿಬಿಟ್ರೆ?" ಎಂದಳು ಕೊನೆಗೆ.

ಆ ಮಾತಿನಲ್ಲಿ ಆಸೆಗಿಂತ ಭಯವೇ ಹೆಚ್ಚಾಗಿತ್ತು. ಕೂಡಿದರೆ ನಿನ್ನ ತಮ್ಮ ಉಳಿಯುತ್ತಾನೆ ಎಂದೆ. ಅವಳು ಎದ್ದುಹೋದಳು.

ಆಮೇಲೆಯೂ ಕೆಲವು ದಿನ ಅವಳು ಉರಿಗಾಂನಲ್ಲೇ ಇಳಿದು ಹಾಲು ಹಾಕಿ ಹಿಂತಿರುಗುತ್ತಿದ್ದಳು. ತಮ್ಮನಿಗೆ ನುಗ್ಗೆಸೊಪ್ಪು, ಕಾಲು ಸೂಪು, ಬೀಟ್‌ರೂಟು ತಿನ್ನಿಸಿದಳು. ತಾನೊಬ್ಬಳೇ ಗೆಲ್ಲುತ್ತೇನೆಂಬ ಹಟ. ಒಂದು ಬೆಳಿಗ್ಗೆ ಕೋದಂಡಪ್ಪ, ನಿತ್ಯ ಹಾರಿ ಹತ್ತುತ್ತಿದ್ದ ಪ್ಲಾಟ್‌ಫಾರ್ಮನ್ನು ಹತ್ತಲಾರದೆ, ಹಳಿಯ ಪಕ್ಕದ ಜಲ್ಲಿಯ ಮೇಲೆ ಕುಳಿತುಬಿಟ್ಟನು. ಗಾಡಿಯ ಕಿಟಕಿಯಿಂದ ಅವಳು ಅದನ್ನು ಕಂಡಳು. ಆ ದಿನ ಉರಿಗಾಂ ಬಂದರೂ ಅವಳು ಇಳಿಯಲಿಲ್ಲ.

ಚಾಂಪಿಯನ್ ರೀಫ್ಸ್‌ನ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ ತಂಗಿಯ ಮನೆಯನ್ನು ಕೇಳಿ ಕೇಳಿ ಹುಡುಕಿದಳು. ಮುನಿನಾರಾಯಣಮ್ಮ ಬಾಗಿಲಲ್ಲಿ ಕುಳಿತು ಒಣಮೀನು ಬಿಡಿಸುತ್ತಿದ್ದಳಂತೆ. ಅಕ್ಕಯ್ಯಮ್ಮನಿಗೆ ಆ ವಾಸನೆ ಆಗದು. ಸೆರಗನ್ನು ಮೂಗಿಗೆ ಹಿಡಿದುಕೊಂಡೇ ವಿಷಯ ಹೇಳಿದಳು. ತಂಗಿ ಎಲ್ಲವನ್ನೂ ಕೇಳಿಕೊಂಡು, ಕೈ ತೊಳೆದುಕೊಂಡು ಬಂದು ಎದುರು ನಿಂತಳು.

"ನೀರು ಬಿಟ್ಟು ಕೊಟ್ಟೋಳ ಅತ್ರ ರಕ್ತ ಕೇಳಕ್ಕೆ ಬಂದ್ಯಾ, ಅಕ್ಕ?"

ಅಕ್ಕಯ್ಯಮ್ಮ ಮೂಗಿಗೆ ಹಿಡಿದಿದ್ದ ಸೆರಗನ್ನು ಇಳಿಸಿದಳು.

"ನನಗಲ್ಲ ಕಣೇ. ಅವನಿಗೆ" ಎಂದಳಂತೆ.

"ನೀನು ನಿನಗೆ ಅಂತ ಏನು ಕೇಳಿದ್ದೀಯ ಬಿಡು" ಎಂದು ತಂಗಿ ನಕ್ಕು, ಯಾವತ್ತು ಹೊರಡಬೇಕೆಂದು ಕೇಳಿದಳು.

ತಂಗಿಯ ರಕ್ತ ಪೂರ್ತಿಯಾಗಿ ಹೊಂದಿತು. ಸುದ್ದಿ ಬಂದ ದಿನ ಕೋದಂಡಪ್ಪನ ಹೆಂಡತಿ ಅತ್ತಳು, ಬಚ್ಚಪ್ಪ ಆಂಜನೇಯನಿಗೆ ತೆಂಗಿನಕಾಯಿ ಒಡೆದನು. ಅಕ್ಕಯ್ಯಮ್ಮ ಕೊಟ್ಟಿಗೆಗೆ ಹೋಗಿ, ಆಗಲೇ ಗುಡಿಸಿದ್ದ ನೆಲವನ್ನು ಮತ್ತೊಮ್ಮೆ ಗುಡಿಸಿದಳು.

ವೇಲೂರಿಗೆ ಅವರೊಡನೆ ಮೊದಲ ಕೆಲವು ದಿನ ನಾನೂ ಹೋಗಿದ್ದೆ. ಹಿಂದೆಲ್ಲ ಕೊಡುವವರಿಗೆ ಮತ್ತು ಬರಿಸಿ, ಸೊಂಟದ ಎಲುಬಿಗೆ ಸೂಜಿ ಚುಚ್ಚಿ ಮಜ್ಜೆಯನ್ನು ಎಳೆಯುತ್ತಿದ್ದರಂತೆ. ಈಗ ಬೇರೆ ದಾರಿ ಬಂದಿದೆ ಎಂದು ಡಾಕ್ಟರು ವಿವರಿಸಿದರು. ಬಿಳಿಯ ರಕ್ತಕಣಗಳು ಬೆಳೆಯಲೆಂದು ಮೈ ತಾನಾಗಿಯೇ ಒಂದು ಪದಾರ್ಥವನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿಕೊಳ್ಳುತ್ತದೆ. ಅದನ್ನೇ ಈಗ ಔಷಧಿಯಾಗಿ ತಯಾರಿಸುತ್ತಾರೆ. ಅದನ್ನು ಐದು ದಿನ ಚರ್ಮದ ಕೆಳಗೆ ಚುಚ್ಚಿದರೆ, ಮಜ್ಜೆಯಲ್ಲಿ ಅಂಟಿಕೊಂಡು ಕುಳಿತಿರುವ ತಾಯಿಕೋಶಗಳು ಬಿಡಿಸಿಕೊಂಡು ಹರಿಯುವ ರಕ್ತಕ್ಕೆ ಬರುತ್ತವೆ. ಆಗ ಯಂತ್ರದ ಮೂಲಕ ರಕ್ತವನ್ನು ಹಾಯಿಸಿ ಅವನ್ನು ಮಾತ್ರ ತೆಗೆದುಕೊಂಡು, ಉಳಿದದ್ದನ್ನು ಮೈಗೆ ಹಿಂದಕ್ಕೆ ಬಿಡುತ್ತಾರೆ. ಇದನ್ನು ನಾನು ಕನ್ನಡದಲ್ಲಿ ತಿಳಿಸಲು ಹೆಣಗುತ್ತಿರುವಾಗ ಮುನಿನಾರಾಯಣಮ್ಮನೇ ಸುಲಭ ಮಾಡಿಬಿಟ್ಟಳು.

"ಗಣೀಲಿ ಪಾಳಿ ಮುಗ್ದು ಸಂಗು ಊದಿದ್ರೆ ಕೆಳಗಿರೋ ಆಳೆಲ್ಲ ಮೇಲೆ ಬರಲ್ವಾ ಸಾರ್, ಅಂಗೆ."

ಡಾಕ್ಟರಿಗೆ ತಮಿಳಿನಲ್ಲಿ ಅದನ್ನೇ ಹೇಳಿದಳು. ಅವರು ಬಹಳ ಮೆಚ್ಚಿದರು. ಅಕ್ಕಯ್ಯಮ್ಮನ ತುಟಿ ಬಿಗಿಯಿತು. ಆಗ ನರ್ಸು ಐಸಿನ ಡಬ್ಬಿಯಿಂದ ಔಷಧಿ ತೆಗೆದು ಸೂಜಿಗೆ ತುಂಬಿಕೊಂಡಳು. ಮುನಿನಾರಾಯಣಮ್ಮನಿಗೆ ಚುಚ್ಚಿ ಮುಗಿದ ಮೇಲೆ ಅಕ್ಕಯ್ಯಮ್ಮ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ ತನ್ನ ಕೈಯನ್ನೂ ಮುಂದಕ್ಕೆ ಚಾಚಿದಳು.

"ನಂಗೂ ಆಕಮ್ಮ. ಅರ್ಧ ಕೂಡೈತೆ ಅಂದವ್ರೆ. ಅರ್ಧ ಸೂಜಿನಾದ್ರೂ ಆಕು."

ನರ್ಸಿಗೆ ಭಾಷೆ ಅರ್ಥವಾಗಲಿಲ್ಲ. ಚಾಚಿದ ಕೈ ಅರ್ಥವಾಯಿತು. ಅವಳು ಅಕ್ಕಯ್ಯಮ್ಮನ ತೋಳನ್ನು ಮೆಲ್ಲಗೆ ಸವರಿ ರವಿಕೆಯನ್ನು ಸರಿಮಾಡಿದಳು. ಮುನಿನಾರಾಯಣಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ನಗುತ್ತಿದ್ದಳೋ ಏನೋ ನನಗೆ ಕಾಣಲಿಲ್ಲ.

ಅಲ್ಲಿಗೆ ಅಕ್ಕಯ್ಯಮ್ಮ ಬೇರೊಂದು ದಾರಿ ಹಿಡಿದಳು. ಆಸ್ಪತ್ರೆಯ ಹತ್ತಿರದ ಲಾಡ್ಜಿನಲ್ಲಿ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೌ. ಊರಿನಿಂದ ರಾಗಿಹಿಟ್ಟು, ಹುರುಳಿಕಾಳು ತಂದಿದ್ದಳು. ತಂಗಿ ಹೋಟೆಲಿನ ಇಡ್ಲಿಯನ್ನಾಗಲಿ ಬೇರೆ ಏನನ್ನಾಗಲಿ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದಳು. ರಕ್ತ ಆಗುವುದು ಊಟದಿಂದ ತಾನೆ. ಅವಳ ಮೈಯಲ್ಲಿ ಈ ಐದು ದಿನ ಹುಟ್ಟುವ ರಕ್ತವೆಲ್ಲ ನನ್ನ ಮುದ್ದೆಯದೇ ಎಂದು ನನಗೆ ಗುಟ್ಟಾಗಿ ಹೇಳಿದಳು. ಆ ಲೆಕ್ಕದಲ್ಲಿ ಅವಳಿಗೆ ಎಷ್ಟು ಸಮಾಧಾನವಿತ್ತೆಂದರೆ, ತಿದ್ದುವ ಮನಸ್ಸು ನನಗೆ ಬರಲಿಲ್ಲ.

ಮೂರನೆಯ ದಿನಕ್ಕೆ ಮುನಿನಾರಾಯಣಮ್ಮನಿಗೆ ಸೊಂಟ, ಬೆನ್ನು, ಎದೆಯ ಮೂಳೆ ಎಲ್ಲ ಸಿಡಿಯುವಂತೆ ನೋಯತೊಡಗಿತು. ಮಜ್ಜೆ ಚುರುಕಾದರೆ ಹಾಗಾಗುತ್ತದೆ, ಹೆದರಬೇಕಾಗಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನೋವಿನ ಮಾತ್ರೆಯನ್ನೂ ಕೊಟ್ಟಿದ್ದರು. ಕೋದಂಡಪ್ಪನನ್ನು ಆಗಲೇ ಒಬ್ಬನೇ ಇರುವ ಗಾಜಿನ ಕೋಣೆಗೆ ಸೇರಿಸಿ, ಕೆಟ್ಟ ಮಜ್ಜೆಯನ್ನು ಸುಡುವ ಔಷಧಿ ಕೊಡುತ್ತಿದ್ದರು. ಅವನು ಆ ಸ್ಥಿತಿಯಲ್ಲಿಯೂ ಗಾಜಿನ ಆಚೆಯಿಂದ ಕೈಸನ್ನೆ ಮಾಡಿ ಕೇಳುತ್ತಿದ್ದುದು, ಚಿಕ್ಕಕ್ಕ ಹೇಗಿದ್ದಾಳೆ ಎಂದು.

ಚಿಕ್ಕಕ್ಕ ಎಂಬ ಆ ಶಬ್ದ ಅಕ್ಕಯ್ಯಮ್ಮನ ಎದೆಗೆ ಚುಚ್ಚಿತು. ಲಾಡ್ಜಿಗೆ ಬಂದು ನೋಡಿದರೆ ತಂಗಿ ಚಾಪೆಯ ಮೇಲೆ ಮುದುರಿಕೊಂಡು ನರಳುತ್ತಿದ್ದಳು.

"ನಾಟಕ ಸಾಕು ಎದ್ದೇಳು. ಸೂಜಿ ಚುಚ್ಚಿದ್ದು ತೋಳಿಗೆ, ಸೊಂಟ ಯಾಕೆ ನೋಯ್ತದೆ?" ಎಂದುಬಿಟ್ಟಳು.

ಮುನಿನಾರಾಯಣಮ್ಮ ಏಳಲು ನೋಡಿ, ಆಗದೆ, ಹಾಗೆಯೇ ಮಲಗಿಕೊಂಡು ಮಾತಾಡಿದಳು. ಸಣ್ಣವಳಾಗಿದ್ದಾಗ ಚಿಕ್ಕಮ್ಮ ಒಂದೆರಡು ಸಲ ಊರಿಗೆ ಕರೆತಂದಿದ್ದಳು. ಆಗ ಅಕ್ಕನ ಸೊಂಟದ ಮೇಲೆ ಆ ಹುಡುಗ ಕುಳಿತಿರುವುದನ್ನು ಕಂಡರೆ ಇವಳಿಗೆ ಹೊಟ್ಟೆ ಉರಿಯುತ್ತಿತ್ತು. "ಅವನ್ನ ಕೆಳಗಿಳಿಸಿ ನನ್ನ ಒಂದು ಸಲ ಎತ್ಕೋತೀಯೇನೋ ಅಂತ ನೋಡ್ತಿದ್ದೆ. ನೀನು ಇಳಿಸಲೇ ಇಲ್ಲ. ನಾಟಕ ನಂಗೆ ಬರಲ್ಲ ಅಕ್ಕ. ಬಂದಿದ್ರೆ ಆವತ್ತೇ ಆಡ್ತಿದ್ದೆ."

ಅಕ್ಕಯ್ಯಮ್ಮ ಸ್ವಲ್ಪ ಹೊತ್ತಿನ ಮೇಲೆ ಹರಳೆಣ್ಣೆ ಬಿಸಿಮಾಡಿಕೊಂಡು ಬಂದು ತಂಗಿಯ ಸೊಂಟವನ್ನು ತಿಕ್ಕಿದಳು. ಕೈ ಒರಟಾಗಿಯೇ ಇತ್ತೆಂದು ಮುನಿನಾರಾಯಣಮ್ಮ ನನಗೆ ಮುಂದೆ ಹೇಳಿದಳು.

ರಕ್ತ ಹಾಯಿಸುವ ದಿನ ಮುನಿನಾರಾಯಣಮ್ಮನನ್ನು ಮಂಚದ ಮೇಲೆ ಮಲಗಿಸಿ, ಒಂದು ತೋಳಿನಿಂದ ರಕ್ತ ಹೋಗುವಂತೆ, ಇನ್ನೊಂದು ತೋಳಿಗೆ ಹಿಂದಕ್ಕೆ ಬರುವಂತೆ ಕೊಳವೆಗಳನ್ನು ಜೋಡಿಸಿದರು. ನಾಲ್ಕು ಗಂಟೆ ಎರಡು ಕೈಗಳನ್ನೂ ಮಡಿಸುವಂತಿರಲಿಲ್ಲ. ನಾನು ಆ ವೇಳೆಗೆ ಊರಿಗೆ ಬಂದಿದ್ದೆ. ಮುಂದಿನದನ್ನು ಅಕ್ಕಯ್ಯಮ್ಮನೇ ಹೇಳಿದ್ದು. ನಡುವೆ ತಂಗಿಯ ತುಟಿ ಜುಮ್ಮೆನ್ನತೊಡಗಿತು. ರಕ್ತ ಹೆಪ್ಪುಗಟ್ಟದಿರಲು ಯಂತ್ರದಲ್ಲಿ ಹಾಕಿದ ಔಷಧಿಯಿಂದ ಮೈಯ ಸುಣ್ಣದಂಶ ಇಳಿಯುತ್ತದೆ, ಹಾಲು ಕುಡಿಸಿ ಎಂದು ನರ್ಸು ಹೇಳಿದಳು. ಹಾಲಿನ ಮಾತು ಬಂದ ಕೂಡಲೇ ಅಕ್ಕಯ್ಯಮ್ಮ ಎದ್ದಳು. ಕ್ಯಾಂಟೀನಿನ ಹಾಲನ್ನು ಮೂಸಿ, ಇದು ಹಾಲಲ್ಲ ಕಲಗಚ್ಚು ಎಂದು ಬೈದು, ಹೊರಗೆಲ್ಲೋ ಹಸು ಕಟ್ಟಿದ್ದ ಮನೆಯನ್ನು ಪತ್ತೆಮಾಡಿ, ಬಿಸಿಹಾಲು ತಂದು, ತಂಗಿಯ ತಲೆಯನ್ನು ತೋಳಿನಲ್ಲಿ ಎತ್ತಿಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಆಮೇಲೆ ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಮೂಗು ತುರಿಸಿದರೆ ಮೂಗನ್ನು ಕೆರೆದಳು.

ಸಾಯಂಕಾಲ ಡಾಕ್ಟರು ಲೆಕ್ಕ ನೋಡಿ, ಬಂದ ಕೋಶಗಳು ಸಾಲವು, ನಾಳೆಯೂ ಒಂದು ಸಲ ತೆಗೆಯಬೇಕು ಎಂದರು.

"ನಿಜ ಏಳ್ತೀನಿ ಮೇಷ್ಟ್ರೆ, ಒಂದು ಗಳಿಗೆ ನಂಗೆ ಸಂತೋಷ ಆಯ್ತು. ಅವಳದೂ ಸಾಲಲಿಲ್ಲವಲ್ಲ ಅಂತ" ಎಂದಳು ಅಕ್ಕಯ್ಯಮ್ಮ. "ಆಮೇಲೆ ಗಾಜಿನ ಆಚೆ ಅವನ್ನ ನೋಡ್ದೆ. ತಲೆ ಬೋಳಿಸ್ಬುಟ್ಟಿದ್ರು. ನಮ್ಮವ್ವ ಅವನ್ನ ನನ್ನ ಕೈಗೆ ಆಕ್ದಾಗ ಅಂಗೇ ಇದ್ದ. ಓಡೋಗಿ ಮುದ್ದೆಗೆ ಎಸರಿಟ್ಟೆ."

ಎರಡನೆಯ ದಿನದ್ದು ಸಾಕಾಯಿತು. ತೆಳುಗೆಂಪಿನ ಒಂದು ಚೀಲ; ಒಂದು ಲೋಟದಷ್ಟೂ ಇರಲಿಲ್ಲವಂತೆ. ಅದು ಸಾಮಾನ್ಯ ರಕ್ತದಂತೆಯೇ ಕೋದಂಡಪ್ಪನ ನರಕ್ಕೆ ಇಳಿಯಿತು. ಕೆಲವು ವಾರ ಹೋದ ಮೇಲೆ ಅವನ ಮೈಯಲ್ಲಿ ಹೊಸ ರಕ್ತ ಚಿಗುರಿತು.

ಅಕ್ಕಯ್ಯಮ್ಮನ ಹೊಟ್ಟೆಕಿಚ್ಚು ಇಲ್ಲಿಗೆ ತೀರಿತೆಂದು ಬರೆದರೆ ಸುಳ್ಳಾಗುತ್ತದೆ. ಕೋದಂಡಪ್ಪ ಊರಿಗೆ ಬಂದು ಕೆಲವು ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿದಾಗ, ಅವನ ಗುಂಪೇ ಬದಲಾಗಿತ್ತು. ಬಿ ಹೋಗಿ, ಮುನಿನಾರಾಯಣಮ್ಮನ ಓ ಬಂದಿತ್ತು. ಹಾಗಾಗುವುದು ಸಹಜವೆಂದು ಡಾಕ್ಟರು ಹೇಳಿದರು. ಅಕ್ಕಯ್ಯಮ್ಮ ಮಾತ್ರ ಯಾರೋ ಮನೆಗೆ ಕನ್ನ ಹಾಕಿದಂತೆ ಕುಳಿತಿದ್ದಳು.

ಅದಕ್ಕಿಂತ ದೊಡ್ಡ ಪೆಟ್ಟು ಮುಂದೆ ಬಂತು. ಎಲ್ಲವನ್ನೂ ತಿನ್ನಬಹುದೆಂದು ಡಾಕ್ಟರು ಅಪ್ಪಣೆ ಕೊಟ್ಟ ಮೇಲೆ ಕೋದಂಡಪ್ಪ ರಜೆಯ ದಿನ ಚಾಂಪಿಯನ್ ರೀಫ್ಸ್‌ಗೆ ಹೋಗಿ ಚಿಕ್ಕಕ್ಕನ ಮನೆಯಲ್ಲಿ ಒಣಮೀನಿನ ಸಾರು ಉಂಡು ಬಂದನು. ಮಾರನೆಯ ವಾರ ಮತ್ತೆ ಹೋದನು. ಅದರ ಮುಂದಿನ ವಾರವೂ ಹೋದನು. ಹುಟ್ಟಿದಾಗಿನಿಂದ ಒಣಮೀನೆಂದರೆ ಮೂಗು ಮುಚ್ಚುತ್ತಿದ್ದವನು.

"ನೋಡಿದ್ರಾ ಮೇಷ್ಟ್ರೆ? ಅವಳ ರಕ್ತ ಅವಳ ಮನೆಗೇ ಎಳೀತೈತೆ."

ರುಚಿ ರಕ್ತದಿಂದ ಬರುವುದಿಲ್ಲ; ಅಷ್ಟು ದಿನ ಔಷಧಿಯಿಂದ ಬಾಯಿ ಕೆಟ್ಟವನಿಗೆ ಉಪ್ಪುಖಾರ ಹಿಡಿಸಿರಬೇಕು ಎಂದೆ. ನಿಮಗೆ ತಿಳಿಯದು ಎಂದು ಅವಳು ಎದ್ದುಹೋದಳು.

ಮುಂದಿನ ವಾರ ಅವಳು ಚಾಂಪಿಯನ್ನಿನಲ್ಲಿ ಇಳಿದು, ತಂಗಿಯ ಬಾಗಿಲಲ್ಲಿ ನಿಂತು, ಆ ಹಾಳು ಸಾರನ್ನು ನಮ್ಮ ಮನೆಗೆ ಬಂದು ಒಂದು ಸಲ ಮಾಡಿ ತೋರಿಸಿಕೊಡು, ಕಲಿತುಕೊಳ್ಳುತ್ತೇನೆ, ಅವನಿಗೆ ಇಷ್ಟು ದೂರ ತಿರುಗುವ ಕೆಲಸ ತಪ್ಪುತ್ತದೆ ಎಂದಳು. ಮುನಿನಾರಾಯಣಮ್ಮ ಮೀನಿನ ಪೊಟ್ಟಣ ಹಿಡಿದುಕೊಂಡು ಬಂದಳು. ಅಕ್ಕ ಮೂಗಿಗೆ ಸೆರಗು ಕಟ್ಟಿಕೊಂಡು ಖಾರ ರುಬ್ಬಿದಳು. ತಂಗಿ ಹುಣಿಸೆಹಣ್ಣು ಕಿವುಚಿದಳು. ಉಪ್ಪು ಹಾಕುವವಳು ಯಾರು ಎಂದು ಒಲೆಯ ಮುಂದೆ ಚರ್ಚೆ ನಡೆದು, ಇಬ್ಬರೂ ಹಾಕಿ, ಸಾರು ಉಪ್ಪಾಯಿತು. ಕೋದಂಡಪ್ಪ ಸುಮ್ಮನೆ ಉಂಡನು. "ಎಂಗೈತೋ?" ಎಂದು ಇಬ್ಬರೂ ಒಟ್ಟಿಗೆ ಕೇಳಿದಾಗ, "ನೀರು ಕೊಡಿ" ಎಂದನಂತೆ.

ಹೊರಡುವಾಗ ಅಕ್ಕಯ್ಯಮ್ಮ ತಂಗಿಗೆ, "ಇನ್ನೊಂದು ಸಲ ಬಂದು ತೋರಿಸ್ಬುಟ್ಟು ಓಗು. ಕಲ್ತ ಮೇಲೆ ಬರಬೇಡ" ಎಂದಳು.

ಅಕ್ಕಯ್ಯಮ್ಮ ಒಮ್ಮೆ ಕಣ್ಣಲ್ಲಿ ಕಂಡ ಅಡಿಗೆಯನ್ನು ಮರೆತವಳಲ್ಲ. ನನ್ನ ಹೆಂಡತಿಯ ಚಕ್ಕುಲಿಯನ್ನು ನೋಡದೆಯೇ ಮಾಡಿದವಳು. ಆ ಒಣಮೀನಿನ ಸಾರು ಮಾತ್ರ ಅವಳ ಕೈಗೆ ಹತ್ತಲೇ ಇಲ್ಲ. ಒಂದು ವಾರ ಹುಳಿ ಹೆಚ್ಚಾಗುತ್ತಿತ್ತು, ಒಂದು ವಾರ ಒಗ್ಗರಣೆ ಸೀದುಹೋಗುತ್ತಿತ್ತು. ಭಾನುವಾರ ಬಂತೆಂದರೆ ಮುನಿನಾರಾಯಣಮ್ಮ ಪ್ಯಾಸೆಂಜರ್ ಇಳಿದು ಬರುತ್ತಿದ್ದಳು, ಅಕ್ಕ ಬಾಗಿಲಲ್ಲಿಯೇ ನಿಂತು, ಇಷ್ಟು ತಡ ಯಾಕೆ ಎಂದು ಗದರುತ್ತಿದ್ದಳು. ನಾನು ಬಂಗಾರಪೇಟೆಗೆ ಮನೆ ಬದಲಾಯಿಸುವವರೆಗೂ ಅವಳು ಆ ಸಾರನ್ನು ಕಲಿಯುತ್ತಲೇ ಇದ್ದಳು.